ಈವಿಲ್-ಲಿನ್ ಯಾರ ಕಡೆಯವಳು?

ವಿಜಯಪುರದ ನೋಡುಗ:

ಎಲ್ಲರಿಗೂ ನಮಸ್ಕಾರ. ಬಹಳ ದಿನಗಳಿಂದ ಮನಸ್ಸಿನಲ್ಲಿ ಉಳಿದಿರುವ ಒಂದು ಪ್ರಶ್ನೆಯನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ದೂರದರ್ಶನದಲ್ಲಿ ಹೀ-ಮ್ಯಾನ್ ಕಾರ್ಟೂನ್ ಬರುತ್ತಿದ್ದ ಕಾಲದಲ್ಲಿ ನಮ್ಮ ಓಣಿಯಲ್ಲಿ ಟಿವಿ ಇದ್ದ ಮನೆಗಳು ಎರಡೇ. ಚಿತ್ರ ಅಲುಗಾಡಿದರೆ ಒಬ್ಬ ಹುಡುಗ ಮಾಳಿಗೆ ಹತ್ತಿ ಆ್ಯಂಟೆನಾ ತಿರುಗಿಸಬೇಕು, ಇನ್ನೊಬ್ಬ ಅಂಗಳದಲ್ಲಿ ನಿಂತು "ಬಂತು, ಬಂತು" ಎಂದು ಕೂಗಬೇಕು. ಹಾಗೆ ನೋಡಿದ ಕಥೆ ಅದು. ಗೆಳೆಯರೆಲ್ಲ ಹೀ-ಮ್ಯಾನನ ಖಡ್ಗಕ್ಕೆ ಮರುಳಾಗಿದ್ದರು. ನನ್ನ ಕಣ್ಣು ಮಾತ್ರ ತಲೆಬುರುಡೆ ಮುಖದ ಸ್ಕೆಲಿಟರ್‌ನ ಪಕ್ಕದಲ್ಲಿ, ತುದಿಗೆ ಗೋಳವಿದ್ದ ದಂಡವನ್ನು ಹಿಡಿದು ನಿಲ್ಲುತ್ತಿದ್ದ ಮಾಟಗಾತಿ ಈವಿಲ್-ಲಿನ್ ಕಡೆಗೇ ಹೋಗುತ್ತಿತ್ತು. ಆಡುವ ಮಾತು ನಮಗೆ ಪೂರ್ತಿ ತಿಳಿಯುತ್ತಿರಲಿಲ್ಲ. ಆದರೆ ಒಡೆಯನ ಎದುರು ಒಂದು ದನಿ, ಒಡೆಯನ ಬೆನ್ನ ಹಿಂದೆ ಇನ್ನೊಂದು ದನಿ ಅವಳಿಗಿದೆ ಎಂಬುದು ಮಾತು ತಿಳಿಯದ ಮಕ್ಕಳಿಗೂ ತಿಳಿಯುತ್ತಿತ್ತು.

ಈಗ ವಿಷಯಕ್ಕೆ ಬರುತ್ತೇನೆ. 2021ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ 'ಮಾಸ್ಟರ್ಸ್ ಆಫ್ ದ ಯೂನಿವರ್ಸ್: ರೆವೆಲೇಷನ್' ಸರಣಿಯನ್ನು ಈಚೆಗೆ ನನ್ನ ಮಗಳೊಡನೆ ಮೊದಲಿನಿಂದ ನೋಡಿದೆ. ಜುಲೈ ತಿಂಗಳಲ್ಲಿ ಐದು ಕಂತು, ನವೆಂಬರ್ ತಿಂಗಳಲ್ಲಿ ಐದು ಕಂತು, ಒಟ್ಟು ಹತ್ತೇ ಕಂತುಗಳ ಕಥೆ. ಅದರಲ್ಲಿ ಈವಿಲ್-ಲಿನ್ ಮೊದಲು ಸ್ಕೆಲಿಟರ್‌ನ ಪಾಳೆಯದಲ್ಲಿರುತ್ತಾಳೆ. ಅವನು ಇಲ್ಲವಾದ ಮೇಲೆ ತನ್ನ ಹಳೆಯ ವೈರಿ, ಹೀ-ಮ್ಯಾನನ ಕಡೆಯ ಯೋಧೆ ಟೀಲಾಳ ಜತೆ ಸೇರಿ, ಮುರಿದು ಎರಡಾದ ಶಕ್ತಿಖಡ್ಗದ ತುಂಡುಗಳನ್ನು ಹುಡುಕಲು ಸತ್ತವರ ಲೋಕಗಳವರೆಗೆ ಹೋಗುತ್ತಾಳೆ. ಸ್ಕೆಲಿಟರ್ ಮರಳಿ ಬಂದ ಕ್ಷಣವೇ ಅವನ ಮಗ್ಗುಲಿಗೆ ಹೋಗುತ್ತಾಳೆ. ಕೊನೆಗೆ ಅವನಿಂದಲೂ ಶಕ್ತಿಯನ್ನು ಕಸಿದು ತಾನೇ ದೇವತೆಯಾಗಿ ನಿಲ್ಲುತ್ತಾಳೆ. ಆಗ ಮಗಳು ಕೇಳಿದಳು: "ಅಪ್ಪಾ, ಈಕಿ ಯಾರ ಕಡಿಯಾಕಿ?" ನನಗೆ ಉತ್ತರ ಹೊಳೆಯಲಿಲ್ಲ. ಅದೇ ಪ್ರಶ್ನೆಯನ್ನು ನಿಮ್ಮನ್ನು ಕೇಳುತ್ತಿದ್ದೇನೆ. ಸರಣಿಯನ್ನು ಇನ್ನೂ ನೋಡದವರು ದಯವಿಟ್ಟು ಇಲ್ಲಿಗೇ ಓದು ನಿಲ್ಲಿಸಬೇಕು; ಮುಂದೆ ಕಥೆಯ ಕೊನೆಯೂ ಬರುತ್ತದೆ.

ನವನಗರದ ವಕೀಲ, ಬಾಗಲಕೋಟೆ:

ಸರ್, ಪ್ರಶ್ನೆ ಚೆನ್ನಾಗಿದೆ, ಆದರೆ ಉತ್ತರ ಅಷ್ಟು ಕಷ್ಟದ್ದಲ್ಲ ಎಂದು ನನಗೆ ಅನಿಸುತ್ತದೆ. ಉಂಡ ಮನೆಯ ಗಳ ಎಣಿಸುವವರು ಎಂದು ನಮ್ಮ ಹಿರಿಯರು ಯಾರನ್ನು ಕರೆದರೋ ಅವರ ಸಾಲಿಗೆ ಈಕೆಯೂ ಸೇರುತ್ತಾಳೆ. ಟೀಲಾಳ ಜತೆ ಹೊರಟಾಗ ಅವಳಿಗೆ ಬೇರೆ ದಾರಿ ಇರಲಿಲ್ಲ. ಲೋಕದಿಂದ ಮಾಯಾಶಕ್ತಿಯೇ ಸೋರಿಹೋಗುತ್ತಿತ್ತು, ಅದು ಪೂರ್ತಿ ಬತ್ತಿದರೆ ಮಾಟಗಾತಿಗೆ ಉಳಿಯುವುದು ಏನು? ಸ್ವಂತ ಬಾವಿ ಬತ್ತುವಾಗ ನೆರೆಯವರ ಜತೆ ಸೇರಿ ಹಳ್ಳ ಅಗೆದವರನ್ನು ಪರೋಪಕಾರಿ ಎಂದು ಕರೆಯಲಾಗದು. ಬಾವಿಗೆ ನೀರು ಬಂದ ಮೇಲೆ ಆ ನೆರೆಯವರನ್ನೇ ಹೊರಗಟ್ಟಿದಳು. ಇದರಲ್ಲಿ ಮನಃಪರಿವರ್ತನೆಯನ್ನು ಹುಡುಕುವವರು ತಮ್ಮ ಮನಸ್ಸಿನ ಒಳ್ಳೆಯತನವನ್ನು ಅವಳ ಮೇಲೆ ಹೊರಿಸುತ್ತಿದ್ದಾರೆ.

ಇನ್ನೊಂದು ಮಾತು. ಒಬ್ಬರು ಒಂದು ಸಲ ಕಡೆ ಬದಲಿಸಿದರೆ ಕಾರಣವನ್ನು ಕೇಳಬಹುದು. ಪ್ರತಿ ಸಲವೂ ಬದಲಿಸಿದರೆ ಅದು ಸ್ವಭಾವ.

ಜಮಖಂಡಿಯ ಚಿತ್ರಕಾರ:

ವಕೀಲರೇ, ನಿಮ್ಮ ತೀರ್ಪಿಗೆ ಮೊದಲು ಒಂದು ಸಾಕ್ಷ್ಯವನ್ನು ಸೇರಿಸಲು ಅನುಮತಿ ಕೊಡಿ. 1983ರ ಕಾರ್ಟೂನನ್ನು ಮಾಡಿದ್ದು ಅಮೆರಿಕದ ಫಿಲ್ಮೇಷನ್ ಎಂಬ ಸಂಸ್ಥೆ. ಮೊದಲು ಆಟಿಗೆಗಳು ಹುಟ್ಟಿದವು, ಆಮೇಲೆ ಕಾರ್ಟೂನ್ ಬಂತು: ಮ್ಯಾಟೆಲ್ ಕಂಪನಿಯ ಹೀ-ಮ್ಯಾನ್ ಆಟಿಗೆ ಅಂಗಡಿಗೆ ಬಂದದ್ದು 1982ರಲ್ಲಿ, ಕಾರ್ಟೂನ್ ಶುರುವಾದದ್ದು 1983ರ ಸೆಪ್ಟೆಂಬರಿನಲ್ಲಿ. ಈವಿಲ್-ಲಿನ್ ಆಟಿಗೆಯೂ ಅದೇ ವರ್ಷದ್ದು. ಆ ಗೊಂಬೆಯ ಮೈ ಅರಿಸಿನ ಹಚ್ಚಿದಷ್ಟು ಹಳದಿ, ಕಾರ್ಟೂನಿನಲ್ಲಿ ಮಾತ್ರ ಅವಳು ಬಿಳಿಚಿದ ಮುಖದವಳು. ಅವಳ ಹೆಸರಿನ ಮೊದಲ ತುಂಡಿನ ಅರ್ಥವೇ ಕೆಡುಕು ಎಂದು. ಯಾವ ತಾಯಿಯೂ ತೊಟ್ಟಿಲ ಕೂಸಿಗೆ ಇಡದ ಹೆಸರು ಅದು. ಡಬ್ಬದ ಮೇಲೆ ಓದಿದ ಮಗುವಿಗೆ ಇವಳು ಯಾವ ಕಡೆಯವಳೆಂದು ಒಂದೇ ನೋಟಕ್ಕೆ ತಿಳಿಯಲಿ ಎಂದು ಇಟ್ಟದ್ದು.

ಆ ಸರಣಿಯಲ್ಲಿ ಒಟ್ಟು 130 ಕಂತುಗಳಿದ್ದವು, 65ರಂತೆ ಎರಡು ಸುತ್ತು. ವಾರಕ್ಕೆ ಐದು ದಿನದಂತೆ ಹದಿಮೂರು ವಾರ ತೋರಿಸಿದರೆ 65 ಆಗುತ್ತದೆ ಎಂಬ ಲೆಕ್ಕ. ದೇಶದ ಬೇರೆ ಬೇರೆ ಊರುಗಳ ಟಿವಿ ಕೇಂದ್ರಗಳಿಗೆ ನೇರವಾಗಿ ಮಾರುತ್ತಿದ್ದರು, ಒಂದು ಕಂತನ್ನು ನೋಡದ ಮಗುವಿಗೂ ಮರುದಿನದ ಕಂತು ಅರ್ಥವಾಗಬೇಕಿತ್ತು. ಹಾಗಾಗಿ ಪ್ರತಿ ಕಂತಿನ ಕೊನೆಗೆ ಎಲ್ಲವೂ ಮೊದಲಿದ್ದ ಜಾಗಕ್ಕೇ ಮರಳಬೇಕು. ಈ ಕಂತಿನಲ್ಲಿ ಈವಿಲ್-ಲಿನ್ ಒಡೆಯನ ವಿರುದ್ಧ ಸಂಚು ಹೂಡಿದರೂ ಮುಂದಿನ ಕಂತಿನಲ್ಲಿ ಅವಳು ಹಾವಿನ ಬೆಟ್ಟದ ಅದೇ ಸಿಂಹಾಸನದ ಪಕ್ಕದಲ್ಲಿ ನಿಂತಿರಬೇಕು. ಚಿತ್ರಗಳಿಗೂ ಅದೇ ನಿಯಮ: ಓಡುವುದು, ತಿರುಗುವುದು, ಕೈಯೆತ್ತುವುದು ಇವನ್ನೆಲ್ಲ ಒಮ್ಮೆ ಬರೆದಿಟ್ಟುಕೊಂಡು ಹಿನ್ನೆಲೆ ಬದಲಿಸಿ ಮತ್ತೆ ಮತ್ತೆ ಬಳಸುತ್ತಿದ್ದರು. ಕೆಲಸವನ್ನು ಹೊರದೇಶಕ್ಕೆ ಕಳಿಸದೆ ಅಲ್ಲಿಯ ಕಲಾವಿದರಿಂದಲೇ ಮಾಡಿಸಬೇಕೆಂಬ ಹಟ ಆ ಸಂಸ್ಥೆಗಿತ್ತು. ಖರ್ಚು ಉಳಿಸಲು ಅವರಿಗೆ ಇದ್ದ ದಾರಿ ಇದೇ. ನಾನು ಇದನ್ನು ಗೌರವದಿಂದಲೇ ಹೇಳುತ್ತೇನೆ, ಏಕೆಂದರೆ ಕೈಯಲ್ಲಿ ಒಂದೊಂದೇ ಚಿತ್ರವನ್ನು ಬರೆಯುವ ಶ್ರಮ ಎಂಥದ್ದೆಂದು ನನಗೆ ಗೊತ್ತಿದೆ.

ಹೀಗಿರುವಾಗ ಅವಳ "ಸ್ವಭಾವ" ಎಂದು ನೀವು ಕರೆದದ್ದರಲ್ಲಿ ಅರ್ಧ ಪಾಲು ಆ ಕಾಲದ ಕಟ್ಟುಪಾಡಿನದು. ಬಿಟ್ಟು ಹೋಗಲು ಅವಳಿಗೆ ಕಥೆಯೇ ಬಾಗಿಲು ತೆರೆಯಲಿಲ್ಲ. ಆ ಬಾಗಿಲು ತೆರೆದದ್ದು ಕಥೆ ಕಂತಿನಿಂದ ಕಂತಿಗೆ ಮುಂದುವರಿಯುವ ಪದ್ಧತಿ ಬಂದ ಮೇಲೆ.

ವಿಜಯಪುರದ ನೋಡುಗ:

ಚಿತ್ರಕಾರರೇ, ನಿಮ್ಮ ಮಾತಿನಿಂದ ನನಗೆ ಒಂದು ಹೊಸ ದಾರಿ ಸಿಕ್ಕಿತು. ಹಾಗಾದರೆ ಆ ಬಾಗಿಲು ತೆರೆದಿದ್ದ ಕಡೆಗಳಲ್ಲಿ ಅವಳು ಏನು ಮಾಡಿದಳೆಂದು ನೋಡೋಣ. 1987ರಲ್ಲಿ ನಟರನ್ನು ಇಟ್ಟುಕೊಂಡು ಮಾಡಿದ ಚಲನಚಿತ್ರದಲ್ಲಿ ಮೆಗ್ ಫಾಸ್ಟರ್ ಈ ಪಾತ್ರ ಮಾಡಿದ್ದರು. ಅದರಲ್ಲಿ ಈವಿಲ್-ಲಿನ್ ಒಬ್ಬ ಹುಡುಗಿಯ ಸತ್ತ ತಾಯಿಯ ರೂಪ ತಾಳಿ, ಅವಳ ಕೈಯಿಂದಲೇ ಬೇಕಾದ ವಸ್ತುವನ್ನು ಪಡೆಯುತ್ತಾಳೆ. ಅಷ್ಟು ಕ್ರೂರವಾದ ಸಂಚನ್ನು ಅವಳು ಮಾಡಿದ್ದು ಸ್ಕೆಲಿಟರ್‌ಗಾಗಿ. ಅವನು ಮಾಯಾಶಕ್ತಿಯ ನೆಲೆಯಾದ ಗ್ರೇಸ್ಕಲ್ ಕೋಟೆಯ ಶಕ್ತಿಯನ್ನೆಲ್ಲ ತಾನೊಬ್ಬನೇ ಕುಡಿದು ದೇವರಾದಾಗ, ಯಾರಿಗೂ ಪಾಲು ಕೊಡದಿದ್ದಾಗ, ಅವಳು ಉಳಿದ ಬಂಟರನ್ನು ಕರೆದುಕೊಂಡು ಹೊರಟುಹೋಗುತ್ತಾಳೆ. ಯುದ್ಧವಿಲ್ಲ, ಶಾಪವಿಲ್ಲ, ಸುಮ್ಮನೆ ಹೊರಡುತ್ತಾಳೆ.

2002ರಲ್ಲಿ ಶುರುವಾದ 39 ಕಂತುಗಳ ಸರಣಿಯಲ್ಲಿ ಅವಳಿಗೊಂದು ಮನೆತನ ಬಂತು. ತಂದೆ ಮುಖವನ್ನೇ ಕಳೆದುಕೊಂಡ ಮಾಂತ್ರಿಕ, ಅಳಿದುಹೋದ ಜಲೇಸಿಯಾ ಎಂಬ ನಾಡಿನ ಅರಸ. ಅದೇ ಸರಣಿಯಲ್ಲಿ ಅವಳು ಸ್ಕೆಲಿಟರ್‌ನ ಸೇವೆಯಲ್ಲಿ ಇದ್ದುಕೊಂಡೇ ಸೆರೆಯಲ್ಲಿದ್ದ ಹಳೆಯ ದುಷ್ಟ ಹೋರ್ಡಾಕ್‌ನನ್ನು ಬಿಡಿಸಲು ಪ್ರಯತ್ನಪಡುತ್ತಾಳೆ.

1987ರಲ್ಲಿ ಮತ್ತು 2021ರಲ್ಲಿ ಅವಳು ಒಡೆಯನನ್ನು ತೊರೆದ ಗಳಿಗೆ ಒಂದೇ: ಅವನು ಸಿಕ್ಕಿದ್ದನ್ನೆಲ್ಲ ಒಬ್ಬನೇ ನುಂಗಿದ ಗಳಿಗೆ. ಇದನ್ನು ಬರಿಯ ಚಂಚಲತೆ ಎಂದು ಹೇಳಲು ನನ್ನ ಮನಸ್ಸು ಒಪ್ಪುತ್ತಿಲ್ಲ.

ಬೈಲಹೊಂಗಲದ ಸಣ್ಣಾಟದವ:

ಎಲ್ಲರಿಗೂ ಶರಣು. ನಾನು ಕಾರ್ಟೂನ್ ಹೆಚ್ಚು ನೋಡಿದವನಲ್ಲ, ಮಗನ ಒತ್ತಾಯಕ್ಕೆ ಈ ಚರ್ಚೆ ಓದಿದೆ, ಓದಿದ ಮೇಲೆ ಅವನ ಜತೆ ಕುಳಿತು ಹಳೆಯ ಮತ್ತು ಹೊಸ ಕಂತುಗಳನ್ನು ನೋಡಿದೆ. ನಂಬಿಕೆದ್ರೋಹದ ವಿಷಯದಲ್ಲಿ ನಮ್ಮ ಕಡೆಯ ಆಟದವರಿಗೆ ಹೇಳಲು ಒಂದಿಷ್ಟು ಇದೆ.

ನಮ್ಮ ತಾಲ್ಲೂಕಿನ ಬೈಲವಾಡದಲ್ಲಿ ನಡೆದದ್ದೆನ್ನುವ ಕಥೆಯೇ 'ಸಂಗ್ಯಾ ಬಾಳ್ಯಾ' ಸಣ್ಣಾಟವಾಗಿದೆ. ಬಾಳ್ಯಾ ಸಂಗ್ಯಾನ ಜೀವದ ಗೆಳೆಯ. ಹಣದ ಆಸೆಗೆ ಬಿದ್ದು ಅದೇ ಗೆಳೆಯನನ್ನು ಕೊಲೆಗಾರರ ಕೈಗೆ ಒಪ್ಪಿಸುತ್ತಾನೆ. ಈ ಪಾತ್ರವನ್ನು ಕಟ್ಟುವವನಿಗೆ ನಮ್ಮ ಮೇಳದ ಹಿರಿಯರು ಹೇಳುತ್ತಿದ್ದ ಮಾತು ಒಂದೇ: ಮೋಸವನ್ನು ಮುಖದ ಮೇಲೆ ಮೊದಲೇ ತರಬೇಡ, ಗೆಳೆತನವನ್ನು ನಿಜವಾಗಿ ಆಡು, ಕೊನೆಗೆ ಬರುವ ಮೋಸ ತಾನಾಗಿ ಚುಚ್ಚುತ್ತದೆ. ಬಾಳ್ಯಾ ಮೊದಲ ಪದದಿಂದಲೇ ಓರೆಗಣ್ಣು ಮಾಡಿದರೆ ಅಲ್ಲಿಗೆ ಆಟ ಸತ್ತಿತು. ಕೂತ ಜನಕ್ಕೆ ಸಂಗ್ಯಾ ದಡ್ಡನಾಗಿ ಕಾಣುತ್ತಾನೆ, ಅವನ ಸಾವಿಗೆ ಯಾರೂ ಅಳುವುದಿಲ್ಲ.

ಈ ದೃಷ್ಟಿಯಿಂದ ನೋಡಿದಾಗ 2021ರ ಸರಣಿಯಲ್ಲಿ ಲೀನಾ ಹೆಡಿ ಅವರ ದನಿ ನನಗೆ ಬಹಳ ಹಿಡಿಸಿತು. ಓರ್ಕೊ ಎಂಬ ಪುಟ್ಟ ಮಾಂತ್ರಿಕ ತನ್ನ ವಿದ್ಯೆ ಕೈಕೊಡುತ್ತಿದೆ ಎಂದು ಕುಗ್ಗಿ ಕುಳಿತಾಗ ಈಕೆ ಅವನೊಡನೆ ಮಾತಾಡುತ್ತಾಳಲ್ಲ, ಆ ಮಾತಿನಲ್ಲಿ ಸೋಗು ಇಲ್ಲ. ಒಬ್ಬ ವಿದ್ಯೆಯವರು ಇನ್ನೊಬ್ಬ ವಿದ್ಯೆಯವರಿಗೆ ಹೇಳುವ ಸಮಾಧಾನ ಅದು. ಅಷ್ಟು ನಿಜವಾಗಿ ಆಡಿದ್ದಕ್ಕೇ ಮುಂದಿನದು ನಮಗೆ ತಟ್ಟುತ್ತದೆ.

ಮಗ ಇನ್ನೊಂದು ಸಂಗತಿ ತೋರಿಸಿದ, ಅದನ್ನು ಕೇಳಿ ನಾನು ಎದ್ದು ಕುಳಿತೆ. ಹಳೆಯ ಕಾರ್ಟೂನಿನಲ್ಲಿ ಈವಿಲ್-ಲಿನ್‌ಳಿಗೆ ದನಿ ಕೊಟ್ಟವರು ಲಿಂಡಾ ಗ್ಯಾರಿ ಎಂಬ ಕಲಾವಿದೆ. ಅವಳ ವೈರಿ ಟೀಲಾಳಿಗೂ ಅವರದೇ ದನಿ, ಗ್ರೇಸ್ಕಲ್ ಕೋಟೆಯನ್ನು ಕಾಯುವ ಮಾಯಾದೇವಿಗೂ ಅವರದೇ ದನಿ, ರಾಣಿ ಮಾರ್ಲೀನಾಳಿಗೂ ಅವರದೇ. ಒಂದು ಕಂತಿನಲ್ಲಿ ಟೀಲಾ ಮತ್ತು ಈವಿಲ್-ಲಿನ್ ಇಬ್ಬರೇ ಮರುಭೂಮಿಯಲ್ಲಿ ಸಿಕ್ಕಿಬೀಳುತ್ತಾರೆ. ಬದುಕಬೇಕಾದರೆ ಜತೆಗೂಡಿ ನಡೆಯಬೇಕು. ಆ ಕಂತಿನಲ್ಲಿ ಒಬ್ಬ ಹೆಂಗಸು ತನ್ನ ಜತೆ ತಾನೇ ಜಗಳವಾಡಿ, ತನ್ನ ಜತೆ ತಾನೇ ರಾಜಿಯಾಗಿದ್ದಾಳೆ. ಸಣ್ಣ ಮೇಳಗಳಲ್ಲಿ ಒಬ್ಬನೇ ಎರಡು ವೇಷ ಕಟ್ಟುವುದನ್ನು ನಾವೂ ಕಂಡಿದ್ದೇವೆ. ಆದರೆ ವೇಷ ಬದಲಿಸಲು ಪರದೆಯ ಹಿಂದೆ ಹೋಗಿಬರಲು ನಮಗೆ ಹೊತ್ತು ಸಿಗುತ್ತದೆ. ಆ ತಾಯಿ ಬರಿಯ ಗಂಟಲಿನಿಂದ ಅದನ್ನು ಸಾಧಿಸಿದ್ದಾರೆ. ಅವರು 1995ರಲ್ಲಿ ತೀರಿಕೊಂಡರಂತೆ. ಅವರಿಗೆ ನನ್ನ ನಮಸ್ಕಾರ.

ಟಿಳಕವಾಡಿಯ ಶಿಕ್ಷಕಿ, ಬೆಳಗಾವಿ:

ಸಣ್ಣಾಟದ ಗುರುಗಳೇ, ನಿಮ್ಮ ಬರಹ ಓದಿ ಬಹಳ ಸಂತೋಷವಾಯಿತು. ಬಾಳ್ಯಾನ ಹೋಲಿಕೆ ಸೊಗಸಾಗಿದೆ, ಆದರೂ ಒಂದು ಭೇದವನ್ನು ಸೂಚಿಸಬೇಕು. ಬಾಳ್ಯಾ ಗೆಳೆತನವನ್ನು ಮುರಿದ. ಈವಿಲ್-ಲಿನ್ ಮತ್ತು ಸ್ಕೆಲಿಟರ್ ನಡುವೆ ಮುರಿಯಲು ಏನಿತ್ತು?

ನಾವು ಕನ್ನಡಿಗರು ಇಂಥ ಪ್ರಶ್ನೆಯನ್ನು ಅಳೆಯುವುದು ಋಣ ಎಂಬ ಮಾತಿನಿಂದ. ಕುಮಾರವ್ಯಾಸನ ಕರ್ಣನನ್ನು ನೆನೆಯಿರಿ. ನೀನು ಪಾಂಡವರ ಹಿರಿಯ, ಬಾ, ಪಟ್ಟವೇ ನಿನ್ನದಾಗುತ್ತದೆ ಎಂದು ಕೃಷ್ಣನೇ ಕರೆದರೂ ಅವನು ಕೌರವನನ್ನು ಬಿಡುವುದಿಲ್ಲ, ಏಕೆಂದರೆ ಸೂತಪುತ್ರನೆಂದು ಲೋಕವೇ ನಕ್ಕ ದಿನ ಅಂಗರಾಜ್ಯ ಕೊಟ್ಟು ತಲೆಯೆತ್ತಿಸಿದವನು ಆ ಕೌರವ. ಇನ್ನೊಂದು ಕಡೆ ವಿಭೀಷಣ ಅಣ್ಣನನ್ನು ಬಿಟ್ಟು ರಾಮನ ಕಡೆಗೆ ಹೋದ, ಕುಂಭಕರ್ಣ ಅಣ್ಣನದು ತಪ್ಪೆಂದು ತಿಳಿದೂ ಅವನಿಗಾಗಿಯೇ ಸತ್ತ. ತರಗತಿಯಲ್ಲಿ ಈ ಮೂವರನ್ನು ಎದುರಿಗಿಟ್ಟು ಯಾರು ಸರಿ ಎಂದು ಕೇಳಿದರೆ ಮಕ್ಕಳು ಪ್ರತಿ ವರ್ಷವೂ ಎರಡು ಪಾಲಾಗುತ್ತಾರೆ. ಆದರೆ ಕರ್ಣನಿಗಿದ್ದ ಋಣ ಈವಿಲ್-ಲಿನ್‌ಳಿಗೆ ಇತ್ತೇ? ಸ್ಕೆಲಿಟರ್ ಅವಳಿಗೆ ಯಾವ ಅಂಗರಾಜ್ಯವನ್ನು ಕೊಟ್ಟ? ಸೋತಾಗಲೆಲ್ಲ ಬೈದ, ಗೆದ್ದಾಗಲೆಲ್ಲ ಗೆಲುವು ತನ್ನದೆಂದ. 2021ರ ಕಥೆಯಲ್ಲಿ ಅವನು ಇಷ್ಟು ಕಾಲ ಅಡಗಿ ಕುಳಿತದ್ದು ಅವಳ ದಂಡದ ಗೋಳದೊಳಗೇ. ಅವಳ ಕೈಯ ಆಸರೆಯನ್ನೇ ಅವನು ಬಿಲ ಮಾಡಿಕೊಂಡಿದ್ದ. ಋಣ ಎಂದರೆ ಅವನೇ ಅವಳಿಗೆ ಋಣಿ.

ಹಾಗೆಂದು ಅವಳನ್ನು ವಿಭೀಷಣನ ಸಾಲಿನಲ್ಲಿ ಕೂರಿಸಲಾರೆ. ಅವನು ಹೋದದ್ದು ಧರ್ಮದ ಕಡೆಗೆ.

ಇಲ್ಲಿ ನನಗೆ ಇನ್ನೊಬ್ಬ ಮಾಟಗಾತಿಯ ನೆನಪಾಗುತ್ತದೆ. ಹೀ-ಮ್ಯಾನನ ಅವಳಿ ತಂಗಿಯ ಕಥೆ ಶೀ-ರಾ 1985ರಲ್ಲಿ ಬಂತು. ಅದರಲ್ಲಿ ಶ್ಯಾಡೋ ವೀವರ್ ಎಂಬ ಮಾಟಗಾತಿ ಇದ್ದಳು, ಅವಳ ದನಿಯೂ ಲಿಂಡಾ ಗ್ಯಾರಿ ಅವರದೇ. ಅದೇ ಕಥೆಯನ್ನು ಎನ್.ಡಿ. ಸ್ಟೀವನ್ಸನ್ ಅವರು 2018ರಿಂದ 2020ರವರೆಗೆ 52 ಕಂತುಗಳಲ್ಲಿ ಹೊಸದಾಗಿ ಕಟ್ಟಿದರು. ಹೊಸ ಕಥೆಯ ಶ್ಯಾಡೋ ವೀವರ್ ಮೂಲದಲ್ಲಿ ಲೈಟ್ ಸ್ಪಿನ್ನರ್ ಎಂಬ ಹೆಸರಿನ ಗುರು. ಮಿಸ್ಟಕೋರ್ ಎಂಬ ಮಾಂತ್ರಿಕರ ನಾಡಿನಲ್ಲಿ ಮೈಕಾ ಎಂಬ ಚುರುಕಾದ ಬಾಲಕನಿಗೆ ವಿದ್ಯೆ ಕಲಿಸುತ್ತಿದ್ದಳು. ಶತ್ರುವನ್ನು ಎದುರಿಸಲು ನಿಷಿದ್ಧ ಮಂತ್ರವೊಂದು ಬೇಕು ಎಂದು ಕೇಳಿದಳು, ಹಿರಿಯರು ಒಪ್ಪಲಿಲ್ಲ. ಆ ಬಾಲಕನನ್ನೇ ಜತೆಗಿಟ್ಟುಕೊಂಡು ಮಂತ್ರ ಹಾಕಿದಳು, ಅದು ತಪ್ಪಿತು, ಮುಖ ವಿಕಾರವಾಯಿತು. ಮುಂದೆ ಯಾವ ಶತ್ರುವಿಗೆ ಹೆದರಿದ್ದಳೋ ಆ ಹೋರ್ಡಿನ ಪಾಳೆಯಕ್ಕೇ ಸೇರಿ, ಅಡೋರಾ ಮತ್ತು ಕಾಟ್ರಾ ಎಂಬ ಎರಡು ಅನಾಥ ಹೆಣ್ಣುಮಕ್ಕಳನ್ನು ಬೆಳೆಸಿದಳು. ಒಬ್ಬಳನ್ನು ಎತ್ತಿಹಿಡಿದಳು, ಇನ್ನೊಬ್ಬಳನ್ನು ಪ್ರತಿದಿನ ತುಳಿದಳು. ಹೋರ್ಡಿನಲ್ಲಿ ಬೆಲೆ ಕಳೆದುಕೊಂಡು ಸೆರೆಗೆ ಬಿದ್ದಾಗ, ತಾನು ತುಳಿದ ಆ ಕಾಟ್ರಾಳ ಕರುಣೆಯನ್ನೇ ಬಳಸಿಕೊಂಡು ತಪ್ಪಿಸಿಕೊಂಡು, ಎದುರಾಳಿಗಳ ಬ್ರೈಟ್ ಮೂನ್ ಅರಮನೆಯ ಬಾಗಿಲಿಗೆ ಬಂದಳು. ಅಲ್ಲಿ ಕೈದಿಯಾಗಿ ಇದ್ದುಕೊಂಡೇ ಎಳೆಯ ರಾಣಿ ಗ್ಲಿಮ್ಮರ್‌ಗೆ ವಿದ್ಯೆ ಹೇಳಿಕೊಡಲು ಶುರುಮಾಡಿದಳು. ಗ್ಲಿಮ್ಮರ್ ಯಾರ ಮಗಳು? ಆ ಹಳೆಯ ಶಿಷ್ಯ ಮೈಕಾನ ಮಗಳು.

ನಾನು ಹದಿನೆಂಟು ವರ್ಷಗಳಿಂದ ಪ್ರೌಢಶಾಲೆಯಲ್ಲಿ ಪಾಠ ಮಾಡುತ್ತಿದ್ದೇನೆ. ಆ ಕಂತನ್ನು ನೋಡುವಾಗ ಮೈ ಬೆವರಿತು. ಈಕೆ ಎಷ್ಟು ಪಾಳೆಯ ಬದಲಿಸಿದರೂ ಕೆಲಸ ಬದಲಿಸಲಿಲ್ಲ. ಎಲ್ಲಿ ಹೋದರೂ ಒಂದು ಪ್ರತಿಭಾವಂತ ಮಗುವನ್ನು ಹುಡುಕುತ್ತಾಳೆ, ಅದರ ಶಕ್ತಿಯ ಮೂಲಕ ತಾನು ದೊಡ್ಡವಳಾಗಲು ನೋಡುತ್ತಾಳೆ. ತನ್ನ ಶಿಷ್ಯ ಗೆದ್ದಾಗ ಹಿಗ್ಗುವ ಗುರುವಿಗೂ, ಗೆದ್ದವನು ತನ್ನ ಶಿಷ್ಯ ಎಂದು ಹಿಗ್ಗುವ ಗುರುವಿಗೂ ನಡುವೆ ಇರುವ ಗೆರೆ ಬಹಳ ತೆಳ್ಳಗಿನದು. ಅದನ್ನು ನಾನು ನನ್ನೊಳಗೂ ನೋಡಿಕೊಂಡಿದ್ದೇನೆ.

ಈವಿಲ್-ಲಿನ್ ಇದಕ್ಕೆ ತದ್ವಿರುದ್ಧ. ಅವಳಿಗೆ ಶಿಷ್ಯರಿಲ್ಲ. ಅವಳು ಹುಡುಕುವುದು ತನ್ನ ವಿದ್ಯೆಗೆ ಸಮನಾದ ಪೀಠವನ್ನು. ಯಾರ ಕಡೆಯವಳು ಎಂಬ ನಿಮ್ಮ ಮಗಳ ಪ್ರಶ್ನೆಗೆ ನನ್ನ ಉತ್ತರ ಇದು: ವಿದ್ಯೆಯ ಕಡೆಯವಳು. ಅವಳ ನಿಷ್ಠೆ ಅಲ್ಲಿಂದ ಒಂದು ಗೇಣೂ ಸರಿದಿಲ್ಲ.

ನವನಗರದ ವಕೀಲ, ಬಾಗಲಕೋಟೆ:

ಅಕ್ಕನವರೇ, ನಿಮ್ಮ ಮಾತಿನ ತೂಕವನ್ನು ಒಪ್ಪುತ್ತೇನೆ, ಸ್ಕೆಲಿಟರ್ ವಿಷಯದಲ್ಲಿ ಋಣವಿಲ್ಲ ಎಂಬುದನ್ನೂ ಒಪ್ಪುತ್ತೇನೆ. ಅವನನ್ನು ತೊರೆದದ್ದಕ್ಕಾಗಿ ಅವಳ ಮೇಲಿನ ಆರೋಪವನ್ನು ನಾನು ಹಿಂದೆ ತೆಗೆದುಕೊಳ್ಳುತ್ತೇನೆ.

ಆದರೆ ಟೀಲಾಳ ಲೆಕ್ಕ ಬಾಕಿ ಉಳಿಯುತ್ತದೆ. ಸತ್ತವರ ಲೋಕದಲ್ಲಿ ಒಂದೇ ದಾರಿ ನಡೆದದ್ದು, ಒಬ್ಬರ ಬೆನ್ನನ್ನು ಇನ್ನೊಬ್ಬರು ಕಾದದ್ದು, ಇವಳೂ ಬದುಕಿ ಹೊರಬರಲೆಂದು ಓರ್ಕೊ ತಾನು ಹಿಂದೆ ನಿಂತು ಸ್ಕೇರ್ ಗ್ಲೋ ಎಂಬ ಭೂತವನ್ನು ತಡೆದು ಪ್ರಾಣ ಬಿಟ್ಟದ್ದು, ಇವೆಲ್ಲ ಋಣಗಳೇ. ಸಣ್ಣಾಟದ ಗುರುಗಳು ಹೇಳಿದ ಆ ಸಮಾಧಾನದ ಮಾತು ನಿಜವಾಗಿದ್ದಷ್ಟೂ ಅವಳ ಅಪರಾಧ ಹೆಚ್ಚುತ್ತದೆ. ಓರ್ಕೊನ ಸಾವಿನ ಬೆಲೆಯನ್ನು ಅವಳು ಬಲ್ಲಳು. ಬಲ್ಲವಳಾಗಿಯೂ, ಸ್ಕೆಲಿಟರ್ ಹೀ-ಮ್ಯಾನನ ನಿಜರೂಪವಾದ ರಾಜಕುಮಾರ ಆಡಮ್‌ನನ್ನು ಇರಿದು ಖಡ್ಗ ಎತ್ತಿದ ಗಳಿಗೆಯಲ್ಲಿ ಅವನ ಪಕ್ಕಕ್ಕೆ ಹೋದಳು. ವಿದ್ಯೆಯ ಕಡೆಯವಳು ಎಂದಿರಿ. ಆ ಗಳಿಗೆಯಲ್ಲಿ ವಿದ್ಯೆ ಇದ್ದದ್ದು ಯಾರ ಕಡೆ? ಶಕ್ತಿ ಇದ್ದ ಕಡೆಗೆ ಹೋದಳು ಎನ್ನಬೇಕು. ವಿದ್ಯೆ ಬೇರೆ, ಶಕ್ತಿ ಬೇರೆ.

ಟಿಳಕವಾಡಿಯ ಶಿಕ್ಷಕಿ, ಬೆಳಗಾವಿ:

ವಕೀಲರೇ, ನೀವು ಸರಿಯಾದ ಜಾಗದಲ್ಲಿ ಬೆರಳಿಟ್ಟಿದ್ದೀರಿ. ಎರಡು ದಿನ ಯೋಚಿಸಿ ಬರೆಯುತ್ತಿದ್ದೇನೆ. ವಿದ್ಯೆ ಬೇರೆ, ಶಕ್ತಿ ಬೇರೆ ಎಂಬ ಭೇದವನ್ನು ನಾನು ಕಾಣದೆ ಹೋದೆ. ಈವಿಲ್-ಲಿನ್ ಕೂಡ ಕಾಣದೆ ಹೋದದ್ದು ಅದನ್ನೇ ಎಂದು ಈಗ ತೋರುತ್ತಿದೆ. ಕೊನೆಯ ಐದು ಕಂತುಗಳಲ್ಲಿ ಸ್ಕೆಲಿಟರ್‌ನಿಂದ ಎಲ್ಲ ಶಕ್ತಿಯನ್ನು ಪಡೆದ ಮೇಲೆ ಅವಳಿಗೆ ಇಡೀ ವಿಶ್ವವೇ ಕಾಣುತ್ತದೆ, ಕಂಡದ್ದರಲ್ಲಿ ಯಾವ ಅರ್ಥವೂ ಇಲ್ಲವೆಂದು ಅನಿಸುತ್ತದೆ. ಸತ್ತ ವೀರರ ಸ್ವರ್ಗವಾದ ಪ್ರಿಟರ್ನಿಯಾವನ್ನು ಅಳಿಸಿಹಾಕುತ್ತಾಳೆ, ಉಳಿದದ್ದನ್ನೂ ಅಳಿಸಹೊರಡುತ್ತಾಳೆ. ಬದುಕಿಡೀ ಏಣಿ ಹತ್ತಿದವಳು ಮೇಲೆ ಹೋಗಿ ನೋಡಿದರೆ ಅಲ್ಲಿ ಮಾಳಿಗೆಯೇ ಇಲ್ಲ. ಅಧಿಕಾರಕ್ಕಾಗಿ ಲೋಕ ಗೆಲ್ಲಲು ಹೊರಟ ಖಳರನ್ನು ಎಷ್ಟೋ ಕಾರ್ಟೂನುಗಳಲ್ಲಿ ನೋಡಿದ್ದೇವೆ, ಗೆದ್ದ ಮೇಲೆ ಹೀಗೆ ಬರಿದಾಗುವವರು ಕಡಿಮೆ.

ಟೀಲಾಳ ಋಣದ ವಿಷಯದಲ್ಲಿ ನಿಮ್ಮ ತೀರ್ಪನ್ನು ಒಪ್ಪುತ್ತೇನೆ. ಅಲ್ಲಿ ಅವಳು ದ್ರೋಹಿಯೇ.

ಜಮಖಂಡಿಯ ಚಿತ್ರಕಾರ:

ಒಂದು ಸಣ್ಣ ಸೇರ್ಪಡೆ. 1983ರ ಸರಣಿಗೆ ಮೊದಲು ಬರಹಗಾರರ ಬಳಕೆಗಾಗಿ ಸಿದ್ಧಪಡಿಸಿದ ಟಿಪ್ಪಣಿಯಲ್ಲಿ ಅವಳ ಮೂಲ ಹೆಸರು ಎವೆಲಿನ್ ಪವರ್ಸ್, ಅವಳು ನಮ್ಮ ಈ ಭೂಮಿಯಿಂದ ಹೀ-ಮ್ಯಾನನ ಲೋಕವಾದ ಎಟರ್ನಿಯಾಕ್ಕೆ ಬಂದ ವಿಜ್ಞಾನಿ ಎಂದು ಇತ್ತು. ಕಾರ್ಟೂನಿನಲ್ಲಿ ಅದನ್ನು ತೋರಿಸಲೇ ಇಲ್ಲ. ಅಕ್ಕನವರು "ವಿದ್ಯೆಯ ಕಡೆಯವಳು" ಎಂದು ಬರೆದಾಗ ನನಗೆ ತಟ್ಟನೆ ನೆನಪಾದದ್ದು ಇದೇ. ತೆರೆಯ ಮೇಲೆ ಬಾರದಿದ್ದರೂ, ಓದಿದ ಹೆಂಗಸೊಬ್ಬಳು ತನ್ನದಲ್ಲದ ಲೋಕಕ್ಕೆ ಬಂದು ಅಲ್ಲಿ ಒಬ್ಬ ಗದರುವ ಒಡೆಯನ ಕೈಕೆಳಗೆ ದುಡಿದಳು ಎಂಬ ಎಳೆ ಅವಳ ಹುಟ್ಟಿನಲ್ಲೇ ಇತ್ತು.

ಇಳಕಲ್ಲಿನ ತಾಯಿ:

ನಾನು ಇಲ್ಲಿಯವರೆಗೆ ಓದುತ್ತಾ ಮಾತ್ರ ಇದ್ದೆ. ನನ್ನ ಹಿರಿಯ ಮಗಳಿಗೆ ಶ್ಯಾಡೋ ವೀವರ್ ಕಂಡರೆ ಸಿಟ್ಟು, ಕಿರಿಯವಳಿಗೆ ಅಳು. ಕೊನೆಯ ಕಂತಿನಲ್ಲಿ ಆ ಮಾಟಗಾತಿ ಕಾಟ್ರಾ ಮತ್ತು ಅಡೋರಾಳನ್ನು ಉಳಿಸಲು ರಾಕ್ಷಸ ಕಾವಲುಗಾರನ ಮೇಲೆ ಎರಗುವ ಮುಂಚೆ ಮುಖವಾಡ ತೆಗೆದು ಕಾಟ್ರಾಳ ಕಡೆಗೆ ನೋಡುತ್ತಾಳೆ, ಆಮೇಲೆ ತನ್ನ ಪ್ರಾಣವನ್ನೇ ಕೊಡುತ್ತಾಳೆ. ಹಿರಿಯವಳು ಹೇಳುವುದು: "ಇಷ್ಟು ವರ್ಷ ಹೊಡೆದಂಥ ಮಾತಾಡಿ ಒಂದು ದಿನ ಸತ್ತರೆ ಎಲ್ಲ ಮುಗಿಯಿತೇನು? ಕ್ಷಮೆಯನ್ನು ಕೇಳಲೇ ಇಲ್ಲ." ಕಿರಿಯವಳು ಹೇಳುವುದು: "ಹೇಗೂ ಬಂದಳಲ್ಲ, ಅವ್ವಾ." ಮನೆಯಲ್ಲಿ ಈ ಜಗಳ ಇನ್ನೂ ನಡೆದಿದೆ. ನಾನು ಹಿರಿಯವಳ ಪಕ್ಷ. ಸಾವಿನ ಮೂಲಕ ಒಳ್ಳೆಯವರಾಗುವುದು ಸುಲಭ, ಬದುಕಿ ಉಳಿದು ಆ ಮಗುವಿನ ಕಣ್ಣನ್ನು ದಿನವೂ ಎದುರಿಸುವುದು ಕಷ್ಟ. ಈವಿಲ್-ಲಿನ್‌ಳಿಗೆ ಕಥೆಗಾರರು ಆ ಸುಲಭದ ದಾರಿಯನ್ನು ಕೊಡಲಿಲ್ಲ. ಸೋತ ಮೇಲೂ ಅವಳು ಬದುಕಿದ್ದಾಳೆ. ಆ ಒಂದು ಕಾರಣಕ್ಕೆ ನನಗೆ ಅವಳ ಕಥೆ ಹೆಚ್ಚು ಪ್ರಾಮಾಣಿಕವೆಂದು ಕಾಣುತ್ತದೆ.

ಬೈಲಹೊಂಗಲದ ಸಣ್ಣಾಟದವ:

ತಾಯಿ, ನಿಮ್ಮ ಹಿರಿಯ ಮಗಳಿಗೆ ನನ್ನ ಆಶೀರ್ವಾದ ತಿಳಿಸಿ. ಆಟ ಕಟ್ಟುವವರಿಗೂ ಇದು ಹಳೆಯ ತೊಡಕು: ಖಳನನ್ನು ಕೊಂದರೆ ಮಂಗಳ ಹಾಡಬಹುದು, ಉಳಿಸಿದರೆ ಮುಂದಿನ ಪದ ಏನೆಂದು ಬರೆಯಬೇಕು.

ವಿಜಯಪುರದ ನೋಡುಗ:

ನಿನ್ನೆ ರಾತ್ರಿ ಮಗಳೊಡನೆ ಕುಳಿತು ಸಣ್ಣಾಟದ ಗುರುಗಳು ಹೇಳಿದ ಆ ಹಳೆಯ ಮರುಭೂಮಿಯ ಕಂತನ್ನು ಹುಡುಕಿ ನೋಡಿದೆ. ಮೊದಲೇ ಏನನ್ನೂ ಹೇಳಲಿಲ್ಲ. ಅರ್ಧ ಕಂತು ಆಗುವಷ್ಟರಲ್ಲಿ ಅವಳೇ ಕಣ್ಣು ಮುಚ್ಚಿ ಕೇಳತೊಡಗಿದಳು, ಆಮೇಲೆ ಕೇಳಿದಳು: "ಅಪ್ಪಾ, ಇಬ್ಬರದೂ ಒಂದೇ ದನಿ ಅಲ್ಲೇನು?" ಹೌದೆಂದೆ. ನಾನು ಅವಳ ವಯಸ್ಸಿನಲ್ಲಿ ಅಷ್ಟು ಸಲ ನೋಡಿಯೂ ಗುರುತಿಸಲಾಗದ್ದನ್ನು ಅವಳು ಗುರುತಿಸಿದಳು.

ನೀವು ಬರೆದದ್ದನ್ನೆಲ್ಲ ಅವಳಿಗೆ ಓದಿ ಹೇಳಿದೆ: ವಕೀಲರು ಹೇಳಿದ ಟೀಲಾಳ ಲೆಕ್ಕ, ಅಕ್ಕನವರು ಹೇಳಿದ ಮಾಳಿಗೆಯಿಲ್ಲದ ಏಣಿ, ಇಳಕಲ್ಲಿನ ತಾಯಿ ಹೇಳಿದ ಕಷ್ಟದ ದಾರಿ. ಎಲ್ಲವನ್ನೂ ಕೇಳಿಸಿಕೊಂಡು ಅವಳು ತನ್ನ ಮೊದಲ ಪ್ರಶ್ನೆಯನ್ನು ಬಿಟ್ಟಳು. ಈಗ ಅವಳು ಕೇಳುತ್ತಿರುವುದು ಬೇರೆ: ಮರುಭೂಮಿ ದಾಟಿದ ಮೇಲೆ ಟೀಲಾ ಅವಳನ್ನು ತನ್ನ ಕೋಟೆಗೆ ಏಕೆ ಕರೆಯಲಿಲ್ಲ? ಕರೆದಿದ್ದರೆ ಬರುತ್ತಿದ್ದಳೇ? ಚಿತ್ರಕಾರರು ಹೇಳಿದ ಕಾರಣವನ್ನು, ಮರುದಿನದ ಕಂತಿಗೆ ಎಲ್ಲರೂ ತಮ್ಮ ತಮ್ಮ ಜಾಗಕ್ಕೆ ಮರಳಬೇಕಿತ್ತು ಎಂಬುದನ್ನು, ಅವಳಿಗೆ ತಿಳಿಸಿದೆ. ಅದು ಅವಳಿಗೆ ಒಪ್ಪಿಗೆಯಾಗಲಿಲ್ಲ. ಇಂದು ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆ ನೋಟುಬುಕ್ಕಿನ ಹಿಂದಿನ ಹಾಳೆಯಲ್ಲಿ ಮರಳಿನ ಮೇಲೆ ನಡೆಯುವ ಎರಡು ಜತೆ ಹೆಜ್ಜೆಗಳನ್ನು ಬರೆದಿಟ್ಟು ಹೋಗಿದ್ದಾಳೆ. ಎರಡೂ ಒಂದೇ ಬಾಗಿಲಿನ ಕಡೆಗೆ ಹೋಗುತ್ತಿವೆ.